ಲೆಮನ್ ಕ್ರಂಬಲ್ ಬಾರ್: ಮೇಲಿನ ಪುಡಿ ಮುಳುಗುತ್ತದೆ, ತಳ ಹಸಿ ಉಳಿಯುತ್ತದೆ, ಕೊನೆಗೆ ಕಹಿ. ಎಲ್ಲಿ ತಪ್ಪು?

ಕೋಥ್ರೂಡ್_ಅಡುಗೆಮನೆ

ಊರು ಪುಣೆ, 28 ಲೀಟರಿನ ಓಟಿಜಿ (ಕರೆಂಟಿನ ಸಣ್ಣ ಓವನ್), 20 ಸೆಂ.ಮೀ. ಚೌಕದ ಅಲ್ಯೂಮಿನಿಯಂ ಟಿನ್. ತಳಕ್ಕೂ ಮೇಲಿನ ಕ್ರಂಬಲ್‌ಗೂ ಒಂದೇ ಮಿಶ್ರಣ: ಮೈದಾ 2 ವಾಟಿ, ಸಕ್ಕರೆ ಅರ್ಧ ವಾಟಿ, ಅಮುಲ್ ಬೆಣ್ಣೆ 150 ಗ್ರಾಂ ಕರಗಿಸಿ ಹಾಕಿದ್ದು. ನಡುವೆ ಕಂಡೆನ್ಸ್ಡ್ ಮಿಲ್ಕ್ ಒಂದು ಟಿನ್, ನಾಲ್ಕು ನಿಂಬೆಹಣ್ಣಿನ ರಸ, ಎರಡು ಹಣ್ಣಿನ ಸಿಪ್ಪೆ ತುರಿ, ಒಂದು ಮೊಟ್ಟೆ. ಮೂರೂ ಪದರ ಒಟ್ಟಿಗೆ ಹಾಕಿ 180 ಡಿಗ್ರಿಯಲ್ಲಿ 35 ನಿಮಿಷ.

ತಳ ಬೇಯದ ಹಿಟ್ಟಿನಂತೆ ಅಂಟುತ್ತದೆ. ಮೇಲಿನ ಪುಡಿ ಅರ್ಧ ಮುಳುಗುತ್ತದೆ, ಉಳಿದದ್ದು ಒಂದೇ ಬಿಸ್ಕತ್ತಿನ ಹಾಳೆಯಾಗುತ್ತದೆ. ಕತ್ತರಿಸಿದರೆ ನಡುಭಾಗ ಹರಿಯುತ್ತದೆ. ನುಂಗಿದ ಮೇಲೆ ನಾಲಿಗೆಯ ಮೇಲೆ ಸಣ್ಣ ಕಹಿ ಬೇರೆ. ರೆಸಿಪಿಗಳೆಲ್ಲ ದೊಡ್ಡ ಹಳದಿ ಲೆಮನ್ ಲೆಕ್ಕದಲ್ಲಿವೆ. ನಮ್ಮ ಸಣ್ಣ ನಿಂಬೆಗೆ ಅಳತೆ ಹೇಗೆ? ಮೊಟ್ಟೆ ತಿನ್ನದವರಿಗೂ ಒಂದು ಟ್ರೇ ಆಗಬೇಕು.

ಮಾಟುಂಗಾ_ತೆಂಕಣದವರು

ಮಾರಾಯ್ರೆ, ಮೂರೂ ಪದರ ಒಟ್ಟಿಗೆ ಒಲೆಗೆ ಹೋದರೆ ತಳ ಬೇಯುವುದಾದರೂ ಹೇಗೆ? ಮೇಲೆ ಅರ್ಧ ಕಿಲೋ ಒದ್ದೆ ಹೂರಣ ಕೂತಿರುತ್ತದೆ. ಮೊದಲು ತಳವೊಂದನ್ನೇ ಬೇಯಿಸಬೇಕು. ಉಳಿದ ತಪ್ಪುಗಳು ಆಮೇಲಿನವು.

ವಾಟಿ ಬಿಡಿ, ತಕ್ಕಡಿ ಹಿಡಿಯಿರಿ. ಒಬ್ಬರ ವಾಟಿಯಲ್ಲಿ ಮೈದಾ 100 ಗ್ರಾಂ, ಇನ್ನೊಬ್ಬರದ್ದರಲ್ಲಿ 140. ತೂಕದಲ್ಲಿ ಸಕ್ಕರೆ 1, ಬೆಣ್ಣೆ 2, ಮೈದಾ 3 ಎಂಬ ಲೆಕ್ಕ ನೆನಪಿದ್ದರೆ ಸಾಕು. ನಿಮ್ಮ ಟಿನ್‌ಗೆ ಸಕ್ಕರೆ 80, ಬೆಣ್ಣೆ 160, ಮೈದಾ 240 ಗ್ರಾಂ. ಮೈದಾದಲ್ಲಿ 30 ಗ್ರಾಂ ತೆಗೆದು ಅಷ್ಟೇ ಅಕ್ಕಿ ಹಿಟ್ಟು ಹಾಕಿದರೆ ನಾನ್‌ಖಟಾಯಿಯ ಹಾಗೆ ಬಾಯಲ್ಲಿ ಉದುರುತ್ತದೆ. ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಬೆಣ್ಣೆ ಫ್ರಿಜ್ಜಿನಿಂದ ನೇರ ಬರಲಿ. ಸಣ್ಣ ತುಂಡು ಮಾಡಿ, ಬೆರಳ ತುದಿಯಲ್ಲಿ ಉಜ್ಜಿ. ಅಂಗೈ ತಾಗಿದರೆ ನಮ್ಮ ಸೆಕೆಗೆ ಎರಡೇ ನಿಮಿಷದಲ್ಲಿ ಜಿಡ್ಡು ಜಿಡ್ಡಾಗುತ್ತದೆ.

ಮೂರರಲ್ಲಿ ಎರಡು ಪಾಲು (ಸುಮಾರು 320 ಗ್ರಾಂ) ಟಿನ್ನಿನ ತಳಕ್ಕೆ. ಚಪ್ಪಟೆ ತಳದ ಲೋಟದಿಂದ ಒತ್ತಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, 175 ಡಿಗ್ರಿಯಲ್ಲಿ 18ರಿಂದ 20 ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗುವ ತನಕ. ಉಳಿದ ಒಂದು ಪಾಲನ್ನು ಕೈಯಲ್ಲಿ ಹಿಡಿಹಿಡಿಯಾಗಿ ಒತ್ತಿ, ಕಡಲೆ ಗಾತ್ರದ ಉಂಡೆಗಳಾಗಿ ಒಡೆದು, ತಟ್ಟೆಯಲ್ಲಿ ಹರಡಿ ಫ್ರೀಜರ್‌ಗೆ. ಸಣ್ಣ ಪುಡಿ ಮುಳುಗುತ್ತದೆ, ಉಂಡೆ ತೇಲುತ್ತದೆ. ತಣ್ಣಗಿನ ಉಂಡೆಯ ಬೆಣ್ಣೆ ಕರಗುವಷ್ಟರಲ್ಲಿ ಹೊರಗಿನ ಹಿಟ್ಟು ಗಟ್ಟಿಯಾಗಿರುತ್ತದೆ, ಹಾಗಾಗಿ ಹಾಳೆಯಾಗುವುದಿಲ್ಲ.

ಈಗ ಹರಿಯುವ ವಿಷಯ. ಕಂಡೆನ್ಸ್ಡ್ ಮಿಲ್ಕ್ ಗಟ್ಟಿಯಾಗುವುದು ಮುಖ್ಯವಾಗಿ ಹುಳಿಯಿಂದ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ರ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ನಿಂಬೆ ರಸದ ಪಿಎಚ್ 2ರಿಂದ 2.5, ಆದರೆ ಸಾಕಷ್ಟು ರಸ ಬೀಳಬೇಕಲ್ಲ. ಸಣ್ಣ ನಿಂಬೆ ಒಂದಕ್ಕೆ 15 ಮಿ.ಲೀ. ರಸ ಬಂದರೆ ಪುಣ್ಯ. ನಾಲ್ಕಕ್ಕೆ 60. ನಿಮಗೆ ಬೇಕಾದ್ದು 100ರಿಂದ 110 ಮಿ.ಲೀ., ಅಂದರೆ ಏಳೆಂಟು ಹಣ್ಣು. ಎಣಿಸಬೇಡಿ, ಅಳೆಯಿರಿ. 400 ಗ್ರಾಂ ಕಂಡೆನ್ಸ್ಡ್ ಮಿಲ್ಕಿಗೆ ಈ ರಸ, ಮೂರು ಮೊಟ್ಟೆಯ ಹಳದಿ ಮಾತ್ರ, ಮೂರು ಹಣ್ಣಿನ ಸಿಪ್ಪೆ ತುರಿ. ಬಿಳಿ ಭಾಗ ಹಾಕಿದರೆ ತುಸು ಹೆಚ್ಚು ಬೆಂದರೂ ಮೊಟ್ಟೆ ವಾಸನೆ ಬರುತ್ತದೆ. ಟಿನ್ನಿನ ಮೇಲಿನ ತೂಕ ಓದಿ, ಎಲ್ಲ ಟಿನ್ನೂ 400 ಗ್ರಾಂ ಅಲ್ಲ.

ತಳ ಬಿಸಿಯಿರುವಾಗಲೇ ಹೂರಣ ಸುರಿಯಿರಿ. ತಣ್ಣಗಾದ ಮೇಲೆ ಸುರಿದರೆ ಎರಡೂ ಬೆಸೆಯುವುದಿಲ್ಲ, ಕತ್ತರಿಸುವಾಗ ಜಾರುತ್ತದೆ. ಸುರಿದು 8 ನಿಮಿಷ ಬೇಯಿಸಿ, ಮೇಲೆ ತೆಳು ಪೊರೆ ಕಟ್ಟಿದ ಮೇಲೆ ಫ್ರೀಜರಿನ ಉಂಡೆಗಳನ್ನು ಉದುರಿಸಿ, ಇನ್ನು 18ರಿಂದ 20 ನಿಮಿಷ. ಟಿನ್ ಅಲ್ಲಾಡಿಸಿದಾಗ ನಡುಭಾಗ ಮೊಸರಿನಂತೆ ನಡುಗಬೇಕು, ಅಲೆಯೇಳಬಾರದು. ಮೇಲೆ ಬಿರುಕು ಕಂಡರೆ ಹೆಚ್ಚು ಬೆಂದಿದೆ ಎಂದರ್ಥ.

ಇನ್ನೊಂದು, ಅಲ್ಯೂಮಿನಿಯಂಗೂ ನಿಂಬೆಗೂ ಆಗಿಬರುವುದಿಲ್ಲ, ಲೋಹದ ರುಚಿ ಬಿಡುತ್ತದೆ. ಕಾಗದ ಹಾಸಿ, ಎರಡು ಬದಿಯಲ್ಲಿ ಹಿಡಿಕೆಯಂತೆ ಹೊರಗೆ ಬಿಡಿ. ಬಟರ್ ಪೇಪರ್ ಎಂದು ಅಂಗಡಿಯಲ್ಲಿ ಕೊಡುವ ಅಗ್ಗದ್ದು ಅಂಟಿಕೊಳ್ಳುತ್ತದೆ. ಸಿಲಿಕೋನ್ ಲೇಪ ಇರುವ ಬೇಕಿಂಗ್ ಪೇಪರ್ ಕೇಳಿ. ಅಗ್ಗದ್ದೇ ಇದ್ದರೆ ತುಪ್ಪ ಸವರಿ ಹಾಸಿ.

ಡೆಕ್ಕನ್_ಬೆಳಗಾಂವಿ

ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ ಅದ, ಒಂದು ಮಾತು ಬಿಟ್ಟು. ಕರಗಿಸಿದ ಬೆಣ್ಣಿಯಿಂದನೂ ಛಲೋ ಕ್ರಂಬಲ್ ಆಗ್ತದರೀ. ಆದ್ರ ತಳದ ಹಿಟ್ಟನ್ನೇ ಮ್ಯಾಲ ಉದುರಿಸಬಾರ್ದು, ಅದರಾಗ ಬೆಣ್ಣಿ ಜಾಸ್ತಿ. ಮ್ಯಾಲಿಂದಕ್ಕ ಬ್ಯಾರೆ ಕಲಸ್ರಿ: ಮೈದಾ 100 ಗ್ರಾಂ, ಸಕ್ಕರಿ 50, ಕರಗಿಸಿ ಆರಿಸಿದ ಬೆಣ್ಣಿ 55. ಚಮಚದಿಂದ ಕಲಸಿ 20 ನಿಮಿಷ ಫ್ರಿಜ್ಜಿನಾಗ ಇಟ್ಟು ಮುರೀರಿ. ಬ್ಯಾಸಗಿಯೊಳಗ ಬೆರಳಿಂದ ಉಜ್ಜೋದಕ್ಕಿಂತ ಇದು ಸುರಳೀತ. ತಳಕ್ಕ ಮಾತ್ರ ತಣ್ಣನ್ನ ಬೆಣ್ಣಿನೇ ಇರ್ಲಿ.

ಮನ್ಯಾಗ ಕಡದ ಬೆಣ್ಣಿ ಹಾಕ್ಬ್ಯಾಡ್ರಿ, ಅದರಾಗ ನೀರು ಎಷ್ಟದ ಅಂತ ಲೆಕ್ಕಕ್ಕ ಸಿಗಂಗಿಲ್ಲ. ತುಪ್ಪ ಆಗ್ತದ: 160 ಗ್ರಾಂ ಬೆಣ್ಣಿ ಬದ್ಲಿ 130 ಗ್ರಾಂ ತುಪ್ಪ, ಫ್ರಿಜ್ಜಿನಾಗ ಗಟ್ಟಿ ಮಾಡಿ.

ಕಹಿಗೆ ಕಾರಣ ಹೂರಣ ಅಲ್ಲ, ನಿಮ್ಮ ತುರಿಯೋ ಮಣಿ. ನಮ್ಮ ಲಿಂಬಿ ಸಿಪ್ಪಿ ಕಾಗದದಂಗ ತೆಳ್ಳಗ. ಕೊಬ್ಬರಿ ತುರಿಯೋ ಮಣಿಗೆ ಒತ್ತಿ ತಿಕ್ಕಿದ್ರ ಒಂದೇ ಏಟಿಗೆ ಬಿಳಿ ಪದರ ಬಂದುಬಿಡ್ತದ. ಸಣ್ಣ ಹಲ್ಲಿನ ಮಣಿ ತಗೊಂಡು, ಹಣ್ಣು ತಿರುಗಿಸ್ತಾ ಒಂದು ಜಾಗಕ್ಕ ಒಂದೇ ಸಲ ತಿಕ್ರಿ. ತುರಿಗೆ ಹೂರಣದ್ದಲ್ಲ, ತಳದ ಸಕ್ಕರಿಯೊಳಗಿನ ಎರಡು ಚಮಚ ಹಾಕಿ ಬೆರಳಿಂದ ತಿಕ್ಕಿದ್ರ ಸಿಪ್ಪಿ ಎಣ್ಣಿ ಸಕ್ಕರಿಗೆ ಇಳೀತದ, ವಾಸ್ನಿ ದುಪ್ಪಟ್ಟು. ಹಿಂಡೋದು ಇಕ್ಕಳದಿಂದ ಇದ್ರ ಕಡೀ ಹನಿ ತನಕ ಒತ್ತಬ್ಯಾಡ್ರಿ. ಬೀಜ ಜಜ್ಜಿದ್ರ ಕಹಿ ಅದಕ್ಕಿಂತ ಜಾಸ್ತಿ.

ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಾಗ ಆರ್ಸೋವಾಗ ಹಳದಿ ತಿರುಗಿದ್ದು, ತೆಳ್ಳನ್ನ ನುಣುಪು ಸಿಪ್ಪಿದು, ಕೈಯಾಗ ಭಾರ ಹತ್ತೋದು ನೋಡ್ರಿ. ಇಂಡಿ ಲಿಂಬಿ ಸಿಕ್ರ ಬಿಡಬ್ಯಾಡ್ರಿ, ರಸಕ್ಕ ಅದರ ಮುಂದ ಬ್ಯಾರೆದಿಲ್ಲ. (ನಮ್ಮ ವಿಜಯಪುರ ಜಿಲ್ಲಾದ್ದು ಅಂತ ಹೇಳಾಕತ್ತಿಲ್ಲ ಮತ್ತ.) ಹೊರದೇಶದ ಹಳದಿ ಲೆಮನ್ ಮ್ಯಾಲೆ ಮೇಣ ಹಚ್ಚಿರ್ತಾರ, ಬಿಸಿ ನೀರಾಗ ತೊಳದು ತುರೀರಿ.

ಪುಣೆ 560 ಮೀಟರ್ ಎತ್ತರ ಅಂತ ಅಳತಿ ಬದಲಾಯ್ಸೋರು ಅದಾರ. ನೀರು ಕುದಿಯೋದು ಎರಡು ಡಿಗ್ರಿ ಕಡಿಮಿ, ಅಷ್ಟ. ಅದಕ್ಕೇನೂ ಮಾಡಬೇಕಾಗಿಲ್ಲ. ಓಟಿಜಿ ಗುಂಡಿ ಸುಳ್ಳು ಹೇಳೋದು ದೊಡ್ಡ ತಲಿಬ್ಯಾನಿ, ಒಳಗಿಡೋ ಒಂದು ಥರ್ಮಾಮೀಟರ್ ತಗೊಳ್ರಿ.

ಕೋಥ್ರೂಡ್_ಅಡುಗೆಮನೆ

ತುರಿಯುವ ಮಣೆ ಕೊಬ್ಬರಿಯದೇ! ಅರ್ಥವಾಯಿತು. ಮೊಟ್ಟೆಯಿಲ್ಲದ್ದಕ್ಕೆ ಹಳದಿ ಬಿಟ್ಟು ಉಳಿದದ್ದನ್ನು ಹಾಗೇ ಬೇಯಿಸಿದರೆ ನಡೆಯುತ್ತದೆಯೇ? ನಾಗಪುರದ ಕಿತ್ತಳೆ ಬಂದಾಗ ನಿಂಬೆಯ ಬದಲು ಅದನ್ನೇ ಹಾಕಬಹುದೇ?

ಮಡಗಾಂವ್_ಕಾರವಾರ

ಹಳದಿಯಿಲ್ಲದೆಯೂ ಆಗುತ್ತದೆ. 400 ಗ್ರಾಂ ಕಂಡೆನ್ಸ್ಡ್ ಮಿಲ್ಕಿಗೆ 100 ಮಿ.ಲೀ. ರಸ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 100 ಗ್ರಾಂ, ಜೋಳದ ಹಿಟ್ಟಲ್ಲ, ಬಿಳಿಯ ಕಾರ್ನ್‌ಫ್ಲೋರ್ 1 ದೊಡ್ಡ ಚಮಚ. 160 ಡಿಗ್ರಿಯಲ್ಲಿ ಬೇಯಿಸಿ, ಹೆಚ್ಚು ಶಾಖಕ್ಕೆ ಮೊಸರು ಒಡೆದು ಕಾಳುಕಾಳಾಗುತ್ತದೆ. ರುಚಿ ಚೀಸ್‌ಕೇಕಿನ ಕಡೆಗೆ ವಾಲುತ್ತದೆ.

ಅಪ್ಪಟ ನಿಂಬೆ ರುಚಿಯೇ ಬೇಕೆಂದರೆ ಕಂಡೆನ್ಸ್ಡ್ ಮಿಲ್ಕನ್ನೇ ಬಿಡಿ. ಕಾರ್ನ್‌ಫ್ಲೋರ್ 30 ಗ್ರಾಂ, ಸಕ್ಕರೆ 150 ಗ್ರಾಂ, ನೀರು 180 ಮಿ.ಲೀ. ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತ ಕುದಿ ಬರಿಸಿ. ಗುಳ್ಳೆ ಒಡೆಯಲು ಶುರುವಾದ ಮೇಲೆ ಒಂದು ನಿಮಿಷ. ಒಲೆ ಆರಿಸಿ, ಆಮೇಲೆ 100 ಮಿ.ಲೀ. ನಿಂಬೆ ರಸ, ಸಿಪ್ಪೆ ತುರಿ, 30 ಗ್ರಾಂ ಬೆಣ್ಣೆ. ಈ ಕ್ರಮ ತಪ್ಪಬಾರದು: ರಸ ಹಾಕಿ ಕುದಿಸಿದರೆ ಹುಳಿ ಪಿಷ್ಟವನ್ನು ಮುರಿಯುತ್ತದೆ, ಗಟ್ಟಿಯಾದದ್ದು ಮತ್ತೆ ತೆಳುವಾಗುತ್ತದೆ. ಬಣ್ಣಕ್ಕೆ ಅರಿಸಿನ ಚಾಕುವಿನ ತುದಿಯಷ್ಟು ಸಾಕು. ಕಸ್ಟರ್ಡ್ ಪೌಡರ್ ಹಾಕಬಹುದು, ಅದೂ ಬಹುಪಾಲು ಕಾರ್ನ್‌ಫ್ಲೋರೇ, ಆದರೆ ವೆನಿಲಾ ವಾಸನೆ ನಿಂಬೆಯನ್ನು ನುಂಗಿಹಾಕುತ್ತದೆ. ಈ ಹೂರಣ ಮೊದಲೇ ಬೆಂದಿರುವುದರಿಂದ ಬೆಂದ ತಳದ ಮೇಲೆ ಹರಡಿ, ಉಂಡೆ ಉದುರಿಸಿ, ಕ್ರಂಬಲ್ ಕೆಂಪಾಗುವಷ್ಟು ಹೊತ್ತು ಸಾಕು. ಫ್ರೀಜರಿನಲ್ಲಿ ಇಡಬೇಡಿ, ಕರಗಿಸಿದಾಗ ನೀರು ಬಿಡುತ್ತದೆ.

ಕಿತ್ತಳೆಯೊಂದೇ ಆಗದು. ಹುಳಿ ಸಾಲದೆ ಕಂಡೆನ್ಸ್ಡ್ ಮಿಲ್ಕ್ ಗಟ್ಟಿಯಾಗುವುದಿಲ್ಲ. ರಸ ಬತ್ತಿಸಿ ಹಾಕೋಣ ಎಂದು ಹೊರಟರೆ ಇನ್ನೊಂದು ತೊಡಕು. ನಾಗಪುರದ ಕಿತ್ತಳೆ, ಕಿನ್ನೊ ಇವುಗಳ ರಸ ಹಿಂಡಿದ ತಕ್ಷಣ ಸಿಹಿ, ಇಟ್ಟರೆ ಅಥವಾ ಕಾಯಿಸಿದರೆ ಲಿಮೋನಿನ್ ಎಂಬ ಕಹಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಕಿತ್ತಳೆಯಿಂದ ಪರಿಮಳ ತೆಗೆದುಕೊಳ್ಳಿ, ಹುಳಿಯನ್ನು ನಿಂಬೆಗೇ ಬಿಡಿ: ಎರಡು ಕಿತ್ತಳೆಯ ಸಿಪ್ಪೆ ತುರಿ, ಆಗತಾನೆ ಹಿಂಡಿದ ರಸ 30 ಮಿ.ಲೀ., ನಿಂಬೆ ರಸ 80 ಮಿ.ಲೀ. ಹೇರಳೆಕಾಯಿ ಉಪ್ಪಿನಕಾಯಿಗೇ ಸರಿ, ಇದಕ್ಕೆ ತರಬೇಡಿ.

ಗ್ಯಾಸ್ ಓವನ್ ಇರುವವರು ಓದುತ್ತಿದ್ದರೆ: ಉರಿ ಕೆಳಗಿನಿಂದ ಮಾತ್ರ, ತಳ ಕಪ್ಪಾಗಿ ಮೇಲೆ ಬೆಳ್ಳಗೇ ಉಳಿಯುತ್ತದೆ. ಟಿನ್ನಿನ ಕೆಳಗೆ ಇನ್ನೊಂದು ಖಾಲಿ ಟ್ರೇ ಇಟ್ಟು, ಮೇಲಿನ ಹಂತದಲ್ಲಿ ಬೇಯಿಸಿ.

ಮಾಟುಂಗಾ_ತೆಂಕಣದವರು

ಡೆಕ್ಕನ್‌ನವರ ಕರಗಿಸಿದ ಬೆಣ್ಣೆ ಒಪ್ಪಿದೆ, 55 ಗ್ರಾಂ ಮೇಲೆ ಹೋಗದಿದ್ದರೆ.

ಮುಂಬಯಿ, ಗೋವಾ ಮಳೆಗಾಲಕ್ಕೆ ಒಂದು ಸೇರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೇಲಿನ ಪುಡಿ ಸಂಜೆಯೊಳಗೆ ಮೆತ್ತಗಾಗುತ್ತದೆ. ಆ ದಿನಗಳಲ್ಲಿ ಕ್ರಂಬಲನ್ನು ಬೇರೆ ತಟ್ಟೆಯಲ್ಲಿ 170 ಡಿಗ್ರಿಗೆ 15 ನಿಮಿಷ ಬೇಯಿಸಿ, ಪೂರ್ತಿ ಆರಿಸಿ, ಡಬ್ಬಿಯಲ್ಲಿ ಮುಚ್ಚಿಡಿ. ಬಾರ್‌ನ ಮೇಲೆ ಬಡಿಸುವ ಮೊದಲು ಉದುರಿಸಿ. ಅಂಟಿಕೊಳ್ಳದಿದ್ದರೆ ಒಂದು ಚಮಚ ಮಾರ್ಮಲೇಡ್ ಬೆಚ್ಚಗೆ ಮಾಡಿ ಸವರಿ.

ಕತ್ತರಿಸಲು ಅವಸರ ಬೇಡ. ಹೊರಗೆ ಒಂದು ಗಂಟೆ ಆರಲಿ, ಆಮೇಲೆ ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ಗಂಟೆ. ಬಿಸಿಯಿರುವಾಗಲೇ ಮುಚ್ಚಿಟ್ಟರೆ ಮುಚ್ಚಳದ ಬೆವರು ಕ್ರಂಬಲ್ ಮೇಲೆ ತೊಟ್ಟಿಕ್ಕುತ್ತದೆ. ಕಾಗದ ಹಿಡಿದು ಇಡೀ ತುಂಡನ್ನು ಹಲಗೆಗೆ ಎತ್ತಿ, ಬಿಸಿ ನೀರಲ್ಲಿ ಅದ್ದಿ ಒರೆಸಿದ ಉದ್ದ ಚಾಕುವಿನಿಂದ ಮೇಲಿನಿಂದ ನೇರ ಒತ್ತಿ. ಎಳೆದರೆ ಪುಡಿ ಹೂರಣದೊಳಗೆ ಹೋಗುತ್ತದೆ. ಪ್ರತಿ ಗೆರೆಗೂ ಚಾಕು ಒರೆಸಿ. 16 ತುಂಡು ಬರುತ್ತದೆ, ಫ್ರಿಜ್ಜಿನಲ್ಲಿ ಮೂರು ದಿನಕ್ಕೆ ತೊಂದರೆಯಿಲ್ಲ.