ಅಡಾಪ್ಟರ್ ಹಾಕಿದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುತ್ತಿಲ್ಲ

ಪ್ರಶ್ನೆ: ಮೂಡಿಗೆರೆ ರೈಟರ್

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿರುವ ನಾನು ಚೆಕ್‌ರೋಲ್ (ಆಳುಗಳ ಹಾಜರಿ), ವಾರದ ಬಟವಾಡೆ, ಗೊಬ್ಬರದ ಲೆಕ್ಕ ಇವೆಲ್ಲವನ್ನೂ ನಾಲ್ಕು ವರ್ಷ ಹಳೆಯದಾದ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಇಡುತ್ತಿದ್ದೇನೆ. ಈಚೆಗೆ ಅದರ ಬ್ಯಾಟರಿ ಚಾರ್ಜ್ ಆಗುವುದು ನಿಂತಿದೆ. ಅಡಾಪ್ಟರ್ ಹಾಕಿದರೆ ಲ್ಯಾಪ್‌ಟಾಪ್ ಆನ್ ಆಗಿ ಕೆಲಸ ಮಾಡುತ್ತದೆ. ಆದರೆ ಬ್ಯಾಟರಿ ಶೇ 34ರಲ್ಲೇ ನಿಂತು, ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಎಂದು ತೋರಿಸುತ್ತದೆ. ರಾತ್ರಿಯಿಡೀ ಬಿಟ್ಟರೂ ಆ ಅಂಕಿ ಕದಲುವುದಿಲ್ಲ. ಆನ್ ಮಾಡುವಾಗ ಕಪ್ಪು ಪರದೆಯ ಮೇಲೆ ಅಡಾಪ್ಟರಿನ ಬಗೆ ಮತ್ತು ವಾಟ್ ಗೊತ್ತಾಗುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ, ಎಫ್1 ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಅದಲ್ಲದೆ, ಅಡಾಪ್ಟರ್ ಹಾಕಿರುವಾಗಲೇ ಇಡೀ ಯಂತ್ರ ಬಹಳ ನಿಧಾನವಾಗುತ್ತಿದೆ.

ಲ್ಯಾಪ್‌ಟಾಪಿನ ಜೊತೆ ಬಂದಿದ್ದ ಅಡಾಪ್ಟರ್ ಮುಂಗಾರಿಗೆ ಮುಂಚಿನ ಸಿಡಿಲಿಗೆ ಸುಟ್ಟುಹೋದ್ದರಿಂದ ಪೇಟೆಯಲ್ಲಿ ಬೇರೆ ತಯಾರಿಕೆಯದನ್ನು ಕೊಂಡು ಬಳಸುತ್ತಿದ್ದೆ. ಅದೂ ಇಲ್ಲಿಯವರೆಗೆ ಸರಿಯಾಗಿಯೇ ಚಾರ್ಜ್ ಮಾಡುತ್ತಿತ್ತು. ಸಂಜೆ ಹೊತ್ತು ನಮ್ಮಲ್ಲಿ ಟ್ಯೂಬ್‌ಲೈಟ್ ಹೊತ್ತಿಕೊಳ್ಳದಷ್ಟು ವೋಲ್ಟೇಜ್ ಇಳಿಯುತ್ತದೆ. ಸಾಕೆಟ್ ಬದಲಿಸಿದ್ದೇನೆ, ಅಡಾಪ್ಟರ್ ತೆಗೆದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದೂ ನೋಡಿದ್ದೇನೆ. ರಿಪೇರಿಯವರಲ್ಲಿ ಒಬ್ಬರು ಬ್ಯಾಟರಿ ಹೋಗಿದೆ ಎಂದರೆ, ಇನ್ನೊಬ್ಬರು ಮುಚ್ಚಳವನ್ನೂ ಬಿಚ್ಚದೆ ಮದರ್‌ಬೋರ್ಡ್ ಎಂದರು. ಹಣ ಹಾಕುವ ಮೊದಲು ಯಾವುದನ್ನು ಪರೀಕ್ಷಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹಾಸನದ ಬೆಂಚು

ನಿಮ್ಮ ಲ್ಯಾಪ್‌ಟಾಪ್ ತನಗೇನಾಗಿದೆ ಎಂಬುದನ್ನು ಆನ್ ಆಗುವಾಗಲೇ ಬರೆದು ತೋರಿಸುತ್ತಿದೆ. ಎಫ್1 ಒತ್ತಿ ದಾಟಿಹೋಗುವ ಆ ಸಾಲೇ ಇಲ್ಲಿ ಮುಖ್ಯ. ಬ್ಯಾಟರಿ ಸತ್ತಿದ್ದರೆ ಅಡಾಪ್ಟರಿನ ಬಗ್ಗೆ ಸಂದೇಶ ಬರುವುದಿಲ್ಲ, ಯಂತ್ರವೂ ಸಾಮಾನ್ಯವಾಗಿ ಹೀಗೆ ನಿಧಾನವಾಗುವುದಿಲ್ಲ. ಎರಡೂ ಒಟ್ಟಿಗೆ ಕಾಣಿಸಿಕೊಂಡಿವೆ ಎಂದರೆ ಲ್ಯಾಪ್‌ಟಾಪಿಗೆ ಕರೆಂಟ್ ಬರುತ್ತಿದೆ, ಆದರೆ ಕೊಡುತ್ತಿರುವ ಅಡಾಪ್ಟರ್ ಯಾವುದೆಂಬುದು ಅದಕ್ಕೆ ತಿಳಿಯುತ್ತಿಲ್ಲ ಎಂದು ಅರ್ಥ.

ಡೆಲ್‌ನ ದುಂಡು ಪಿನ್ನಿನಲ್ಲಿ, ಎಚ್‌ಪಿಯ ನೀಲಿ ತುದಿಯ ಪಿನ್ನಿನಲ್ಲಿ ಒಳಗೆ ನೋಡಿದರೆ ನಟ್ಟನಡುವೆ ಸೂಜಿಯಂಥ ಒಂದು ಕಡ್ಡಿ ಕಾಣುತ್ತದೆ. ಹೊರಗಿನ ಮತ್ತು ಒಳಗಿನ ಲೋಹದ ಬಳೆಗಳು ಕರೆಂಟ್ ಸಾಗಿಸಲು. ನಡುವಿನ ಕಡ್ಡಿ ಗುರುತು ಹೇಳಲು. ಡೆಲ್‌ನಲ್ಲಿ ಅಡಾಪ್ಟರಿನೊಳಗಿರುವ ಒಂದು ಪುಟ್ಟ ಚಿಪ್ ಆ ಕಡ್ಡಿಯ ಮೂಲಕ ‘ನಾನು 65 ವಾಟ್’ ಅಥವಾ ‘90 ವಾಟ್’ ಎಂದು ತಿಳಿಸುತ್ತದೆ. ಲೆನೊವೊದ ಹಳದಿ ಚಪ್ಪಟೆ ಪಿನ್ನಿನಲ್ಲಿ ಅದೇ ಕೆಲಸವನ್ನು ಒಂದು ರೆಸಿಸ್ಟರ್ ಮಾಡುತ್ತದೆ. ಉತ್ತರ ಬಾರದಿದ್ದರೆ ಲ್ಯಾಪ್‌ಟಾಪ್ ತನ್ನ ನಿತ್ಯದ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಎಳೆದುಕೊಂಡು, ಬ್ಯಾಟರಿಗೆ ಕೊಡುವುದನ್ನು ನಿಲ್ಲಿಸಿ, ಪ್ರೊಸೆಸರಿನ ವೇಗವನ್ನೂ ತಗ್ಗಿಸುತ್ತದೆ. ಇದು ದೋಷವಲ್ಲ, ಎಚ್ಚರಿಕೆ: ಗುರುತಿಲ್ಲದ ಅಡಾಪ್ಟರ್ ಚಿಕ್ಕದಾಗಿದ್ದು, ಕೆಲಸ ಮತ್ತು ಚಾರ್ಜಿಂಗ್ ಎರಡರ ಹೊರೆಯೂ ಅದರ ಮೇಲೆ ಬಿದ್ದರೆ ಅದು ಕಾದು ಕೆಡುತ್ತದೆ.

ಮೊದಲು ಮೊಬೈಲ್ ಟಾರ್ಚ್ ಬಿಟ್ಟು ಆ ಕಡ್ಡಿ ಬಾಗಿದೆಯೇ, ಹಸಿರು ಕಿಲುಬು ಹಿಡಿದಿದೆಯೇ ಎಂದು ನೋಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಕಿಲುಬು ಹಿಡಿಯಲು ಹೆಚ್ಚು ದಿನ ಬೇಡ. ಬಳಿಕ ವೈರನ್ನು ಪಿನ್ನಿನ ಕುತ್ತಿಗೆಯ ಬಳಿ, ಅಂದರೆ ರಬ್ಬರ್ ಮುಗಿದು ವೈರ್ ಶುರುವಾಗುವಲ್ಲಿ, ಮೆಲ್ಲಗೆ ಆಚೀಚೆ ಬಾಗಿಸಿ. ಗುರುತಿನ ತಂತಿ ಬಹಳ ತೆಳು; ವೈರನ್ನು ಅಡಾಪ್ಟರಿಗೆ ಬಿಗಿಯಾಗಿ ಸುತ್ತುವವರ ಕೈಯಲ್ಲಿ ಅದು ಅಲ್ಲೇ ತುಂಡಾಗುವುದನ್ನು ನಾನು ಬೆಂಚಿನ ಮೇಲೆ ಮತ್ತೆ ಮತ್ತೆ ನೋಡುತ್ತೇನೆ. ಆನ್ ಮಾಡುವಾಗ ಎಫ್2 ಒತ್ತಿ ಬಯಾಸ್ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ತೆರೆದರೆ ಡೆಲ್‌ನಂಥವುಗಳಲ್ಲಿ ಅಡಾಪ್ಟರಿನ ವಾಟ್ ಅಲ್ಲಿಯೇ ನಮೂದಾಗಿರುತ್ತದೆ. ಕಡೆಯದಾಗಿ, ಅದೇ ಕಂಪನಿಯ, ಅದೇ ಪಿನ್ನಿನ ಅಡಾಪ್ಟರನ್ನು ಯಾರಿಂದಲಾದರೂ ಒಂದು ಗಂಟೆಯ ಮಟ್ಟಿಗೆ ಕೇಳಿ ಹಾಕಿ ನೋಡಿ. ಅಷ್ಟನ್ನು ಮಾಡದೆ ಮದರ್‌ಬೋರ್ಡಿನ ಹೆಸರೆತ್ತುವವರನ್ನು ನಂಬಬೇಡಿ.

ಮಲ್ಟಿಮೀಟರ್ ಇದ್ದರೆ ಒಳ ಬಳೆ ಮತ್ತು ಹೊರ ಬಳೆಗಳ ನಡುವೆ ಸುಮಾರು 19.5 ವೋಲ್ಟ್ ಬರಬೇಕು. ಆದರೆ ಮೀಟರಿನ ಮೊನೆ ನಡುವಿನ ಕಡ್ಡಿಗೂ ಒಳ ಬಳೆಗೂ ಒಟ್ಟಿಗೆ ತಾಗಿದರೆ ಗುರುತಿನ ಚಿಪ್ ಸುಡಬಹುದು. ಕೈ ನಡುಗುವವರು ಈ ಪರೀಕ್ಷೆಗೆ ಹೋಗದಿರುವುದೇ ಮೇಲು.

ಉತ್ತರ: ಚಿಕ್ಕಮಗಳೂರು ಲ್ಯಾಬ್

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಬ್ಯಾಟರಿಯನ್ನು ಪೂರ್ತಿ ಬಿಟ್ಟುಬಿಡುವುದು ಸರಿಯಲ್ಲ. ನಾಲ್ಕು ವರ್ಷದ ಬ್ಯಾಟರಿಯೂ ಸವೆದಿರಲೇಬೇಕು, ಎಷ್ಟು ಸವೆದಿದೆ ಎಂಬುದು ತಿಳಿದರೆ ಮುಂದಿನ ಖರ್ಚನ್ನು ಲೆಕ್ಕಹಾಕಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು (powercfg /batteryreport) ಎಂಟರ್ ಒತ್ತಿದರೆ ಒಂದು ಫೈಲ್ ತಯಾರಾಗುತ್ತದೆ, ಅದು ಎಲ್ಲಿದೆ ಎಂಬುದೂ ಪರದೆಯ ಮೇಲೆ ಬರುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಹೊಸದಿದ್ದಾಗಿನ ಸಾಮರ್ಥ್ಯ, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಈಗಿನದು.

ಇದೇ ತೊಂದರೆಯನ್ನು ಹುಡುಕಿಕೊಂಡು ಇಲ್ಲಿಗೆ ಬರುವ ಬೇರೆಯವರಿಗಾಗಿ ಒಂದು ಮಾತು: ಚಾರ್ಜ್ ಶೇ 60 ಅಥವಾ 80ರ ಆಸುಪಾಸಿನಲ್ಲಿ ನಿಂತರೆ ಬಹುಮಟ್ಟಿಗೆ ಅದು ಕೆಟ್ಟಿರುವುದಿಲ್ಲ, ಬ್ಯಾಟರಿಯ ಆಯುಸ್ಸು ಉಳಿಸಲೆಂದು ಕಂಪನಿಯೇ ಇಟ್ಟಿರುವ ಮಿತಿ ಚಾಲೂ ಆಗಿರುತ್ತದೆ. ಲೆನೊವೊದಲ್ಲಿ ಅದು ಕನ್ಸರ್ವೇಶನ್ ಮೋಡ್. ಏಸಸ್, ಎಚ್‌ಪಿ, ಡೆಲ್‌ಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ. ಶೇ 34ಕ್ಕೆ ಆ ವಿವರಣೆ ಹೊಂದುವುದಿಲ್ಲ.

ಸಂಜೆಯ ವೋಲ್ಟೇಜ್ ಬಗ್ಗೆ ಚಿಂತೆ ಬೇಡ. ಅಡಾಪ್ಟರಿನ ಬೆನ್ನ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿದ್ದರೆ ಟ್ಯೂಬ್‌ಲೈಟ್ ಹತ್ತದ ವೋಲ್ಟೇಜಿನಲ್ಲೂ ಅದು ಕೆಲಸ ಮಾಡುತ್ತದೆ, ಅದಕ್ಕಾಗಿ ಸ್ಟೆಬಿಲೈಸರ್ ಕೊಳ್ಳುವುದು ದಂಡ. ಮಲೆನಾಡಿನಲ್ಲಿ ಅಡಾಪ್ಟರನ್ನು ಕೊಲ್ಲುವುದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಚಾರ್ಜಿಗೆ ಹಾಕಿದಾಗ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುವುದಾದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ.

ಉತ್ತರ: ಸಕಲೇಶಪುರದ ಓದುಗ

ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಕಿಂಡಿ ಇದ್ದು, ಅದು ಚಾರ್ಜಿಂಗ್ ಒಪ್ಪುವಂಥದ್ದಾಗಿದ್ದರೆ, 20 ವೋಲ್ಟ್ ಕೊಡಬಲ್ಲ 65 ವಾಟಿನ ಟೈಪ್-ಸಿ ಚಾರ್ಜರ್ ಹಾಕಿ ನೋಡಬಹುದು. ಅದರಲ್ಲಿ ಚಾರ್ಜ್ ಆದರೆ ಬ್ಯಾಟರಿಯೂ ಚಾರ್ಜ್ ಮಾಡುವ ಭಾಗವೂ ಸರಿ ಇವೆ ಎಂದಾಯಿತು. ಎಲ್ಲ ಟೈಪ್-ಸಿ ಕಿಂಡಿಗಳೂ ಚಾರ್ಜ್ ತೆಗೆದುಕೊಳ್ಳುವುದಿಲ್ಲ, ಮೊಬೈಲಿನ ಸಣ್ಣ ಚಾರ್ಜರ್ ಇದಕ್ಕೆ ಸಾಲದು.

ಪ್ರಶ್ನೆ ಕೇಳಿದವರು: ಮೂಡಿಗೆರೆ ರೈಟರ್

ಎಲ್ಲರಿಗೂ ಕೃತಜ್ಞತೆಗಳು. ನನ್ನದರಲ್ಲಿ ಟೈಪ್-ಸಿ ಇಲ್ಲ. ನಡುವಿನ ಕಡ್ಡಿ ನೆಟ್ಟಗೇ ಇದೆ, ಕಿಲುಬಿಲ್ಲ. ಆದರೆ ಕುತ್ತಿಗೆಯ ಬಳಿ ವೈರನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದು ಆನ್ ಮಾಡಿದರೆ ಆ ಸಂದೇಶ ಬರುವುದಿಲ್ಲ, ಕೈಬಿಟ್ಟರೆ ಚಾರ್ಜಿಂಗ್ ನಿಲ್ಲುತ್ತದೆ. ಪಕ್ಕದ ತೋಟದ ರೈಟರರಿಂದ ಅದೇ ಕಂಪನಿಯ 65 ವಾಟಿನ ಅಡಾಪ್ಟರ್ ತಂದು ಹಾಕಿದ ಕೂಡಲೇ ಚಾರ್ಜ್ ಏರಲು ಶುರುವಾಯಿತು, ನಿಧಾನಗತಿಯೂ ಹೋಯಿತು. ಬ್ಯಾಟರಿ ವರದಿಯಲ್ಲಿ ಡಿಸೈನ್ ಕೆಪ್ಯಾಸಿಟಿ 42,000 ಮಿಲಿವಾಟ್ ಅವರ್, ಈಗಿನದು 23,600 ಎಂದಿದೆ. ಈಗ ಅಡಾಪ್ಟರ್ ಕೊಳ್ಳುವಾಗ ಏನು ನೋಡಬೇಕು, ಬ್ಯಾಟರಿಯನ್ನೂ ಬದಲಿಸಬೇಕೇ?

ಉತ್ತರ: ಹಾಸನದ ಬೆಂಚು

ಬ್ಯಾಟರಿಯಲ್ಲಿ ಶೇ 56ರಷ್ಟು ಸಾಮರ್ಥ್ಯ ಉಳಿದಿದೆ. ಕರೆಂಟ್ ಹೋದಾಗ ಬಟವಾಡೆಯ ಲೆಕ್ಕ ಮುಗಿಸಲು ಅದು ಸಾಕಾಗುತ್ತಿದ್ದರೆ ಈಗ ಬದಲಿಸುವ ಅಗತ್ಯವಿಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಅಡಿಯ ಮುಚ್ಚಳ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ, ಬ್ಯಾಟರಿಯನ್ನು ಒತ್ತದೆ ಚುಚ್ಚದೆ ತೆಗೆಸಿಬಿಡಿ.

ಅಡಾಪ್ಟರ್ ಕೊಳ್ಳುವಾಗ ಸುಟ್ಟುಹೋದ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಅದರ ಮೇಲಿನ ವೋಲ್ಟ್ ಹೊಸದರಲ್ಲೂ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು: 65 ವಾಟ್ ಎಂದರೆ 19.5 ವೋಲ್ಟ್, 3.34 ಆಂಪಿಯರ್. ಹತ್ತು ಬಗೆಯ ತುದಿಗಳನ್ನು ಬದಲಿಸಿ ಹಾಕುವ ಯೂನಿವರ್ಸಲ್ ಅಡಾಪ್ಟರ್ ಬೇಡ, ಅವುಗಳಲ್ಲಿ ಬಹಳಷ್ಟಕ್ಕೆ ಗುರುತಿನ ಚಿಪ್ ಇರುವುದಿಲ್ಲ. ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ದು, ಅಂಗಡಿಯಲ್ಲೇ ಹಾಕಿ, ಬಯಾಸ್‌ನಲ್ಲಿ ವಾಟ್ ತೋರಿಸುತ್ತದೆಯೇ ಎಂದು ನೋಡಿದ ಮೇಲೆಯೇ ಹಣ ಕೊಡಿ. ಆಗಲೇ ಹೊಸ ಪಿನ್ನನ್ನು ಸ್ವಲ್ಪ ಅಲುಗಾಡಿಸಿಯೂ ನೋಡಿ. ಚಾರ್ಜಿಂಗ್ ಆಗಲೂ ಕಡಿದುಹೋದರೆ ಲ್ಯಾಪ್‌ಟಾಪಿನ ಜ್ಯಾಕ್ ಸಡಿಲಾಗಿದೆ ಎಂದರ್ಥ; ಹಲವು ಮಾಡೆಲ್‌ಗಳಲ್ಲಿ ಅದು ಚಿಕ್ಕ ವೈರಿನ ತುದಿಯಲ್ಲಿರುವ ಬಿಡಿ ಭಾಗವಾಗಿದ್ದು, ಬೋರ್ಡಿಗೆ ಬೆಸುಗೆ ಹಾಕದೆಯೇ ಬದಲಿಸಬಹುದು.