'ಚೆಲುವೆ' ಅನ್ನೋ ಪದ ತೆಗೀರಿ ಮಾವ

ಮಾವ: (ಫೋಟೊ: ಕಪ್ಪು ಉಡುಪು, ಬಿಳಿ ಕುದುರೆ) ಹಾಲಿವುಡ್ ಕೌಬಾಯ್ ಚಿತ್ರಗಳ ಚೆಲುವೆ ಬಾರ್ಬರಾ ಸ್ಟಾನ್‌ವಿಕ್. ಹಳೇ ನೆನಪು.

ನಾನು: ಮಾವ, ಫೋಟೊ ತುಂಬಾ ಚೆನ್ನಾಗಿದೆ. ಆದ್ರೆ 'ಚೆಲುವೆ' ಅಂದಿದ್ದು ಸರಿಹೋಗಲಿಲ್ಲ. ಇದು 1957ರ 'ಫಾರ್ಟಿ ಗನ್ಸ್' ಚಿತ್ರದ್ದು. ಹಿಂದೆ ಬರೋ ನಲವತ್ತು ಸವಾರರೂ ಅವಳ ಆಳುಗಳು. ಇಡೀ ಸೀಮೆ ಅವಳ ಕೈಯಲ್ಲಿರುತ್ತೆ.

ಮಾವ: ಇರಬಹುದಮ್ಮ. ಆದ್ರೂ ಆ ಸಿನಿಮಾಗಳು ಅಂದ್ರೆ ಹೀರೋ ಜಾನ್ ವೇನ್. ಹೆಂಗಸರು ಜಗಲಿ ಮೇಲೆ ನಿಂತು ಕೈ ಬೀಸೋಕೆ ಇರ್ತಿದ್ರು.

ನಾನು: 1933ರ 'ಬೇಬಿ ಫೇಸ್' ಕೌಬಾಯ್ ಚಿತ್ರ ಅಲ್ಲ, ಆದ್ರೂ ಹೇಳ್ತೀನಿ: ಅದರಲ್ಲಿ ಸ್ಟಾನ್‌ವಿಕ್ ನಾಯಕಿ, ಜಾನ್ ವೇನ್‌ಗೆ ಚಿಕ್ಕ ಪಾತ್ರ.

ನಾನು: 'ಫಾರ್ಟಿ ಗನ್ಸ್'ನ ಸುಂಟರಗಾಳಿ ದೃಶ್ಯ ನೆನಪಿದೆಯಾ? ಅವಳ ಕಾಲು ಜೀನಿನ ರಿಕಾಪಿಗೆ ಸಿಕ್ಕಿಕೊಂಡು, ಕುದುರೆ ಅವಳನ್ನ ನೆಲದ ಮೇಲೆ ಎಳೆದುಕೊಂಡು ಓಡುತ್ತೆ. ಸ್ಟಂಟ್‌ನವರು ಅಪಾಯ ಅಂತ ಹಿಂದೆ ಸರಿದಾಗ ಸ್ಟಾನ್‌ವಿಕ್ ಅವರೇ ಮಾಡಿದ್ರು. ಆಗ ವಯಸ್ಸು 49.

ಅತ್ತೆ: ಅಯ್ಯೋ! ಬೆನ್ನು ಉಳೀತಾ?

ಮಾವ: ಧೈರ್ಯ ಒಪ್ಪಿದೆ. ಕೊನೇಲಿ ಏನಾಗುತ್ತೆ ಹೇಳು? ಎಲ್ಲಾ ಬಿಟ್ಟು ನಾಯಕನ ಗಾಡಿ ಹಿಂದೆ ಓಡ್ತಾಳೆ.

ನಾನು: ಅದು ನನಗೂ ಪ್ರತಿ ಸಲ ಚುಚ್ಚುತ್ತೆ. ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್‌ಗೆ ಬೇಕಿದ್ದ ಕೊನೆಯೇ ಬೇರೆ. ಅವಳ ತಮ್ಮನೇ ಅವಳನ್ನ ಗುರಾಣಿ ಥರ ಅಡ್ಡ ಹಿಡಿದಾಗ ನಾಯಕ ಹಾರಿಸಿದ ಗುಂಡಿಗೆ ಅವಳು ಸಾಯಬೇಕಿತ್ತು. ಸ್ಟುಡಿಯೊ ಒಪ್ಪಲಿಲ್ಲ, ಬದುಕಿಸಿತು.

ಅತ್ತೆ: ಸಾಯಿಸಿದ್ರೆ ಏನು ದೊಡ್ಡ ಮರ್ಯಾದೆ ಬರ್ತಿತ್ತು? ಓಡಿಸೋದೂ ಬೇಡ, ಸಾಯಿಸೋದೂ ಬೇಡ. ನಲವತ್ತು ಜನರನ್ನ ಆಳಿದವಳು ಆಳಿಕೊಂಡೇ ಇರಲಿ.

ನಾನು: ಅತ್ತೆ, ನಾನು ಹಾಗೆ ಯೋಚಿಸಿಯೇ ಇರಲಿಲ್ಲ. ನೀವು ಹೇಳೋ ಥರದ್ದು ಬೇಕಿದ್ರೆ 'ದಿ ಬಿಗ್ ವ್ಯಾಲಿ' ಇದೆ, 1965ರಿಂದ 1969ರವರೆಗೆ ಬಂದ ಟಿವಿ ಧಾರಾವಾಹಿ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಕಡೆ, ಗಂಡ ಸತ್ತ ಮೇಲೆ ದನಕರು, ಜಮೀನು, ಬೆಳೆದ ಮಕ್ಕಳು, ಎಲ್ಲಾ ನಿಭಾಯಿಸೋ ವಿಕ್ಟೋರಿಯಾ ಬಾರ್ಕ್ಲಿ. ಗಂಡನಿಗೆ ಬೇರೆಯವಳಲ್ಲಿ ಹುಟ್ಟಿದ ಮಗ ಬಂದ್ರೂ ಮನೆ ಮಗ ಅಂತ ಸೇರಿಸಿಕೊಳ್ತಾಳೆ. ಈ ಪಾತ್ರಕ್ಕೆ 1966ರಲ್ಲಿ ಸ್ಟಾನ್‌ವಿಕ್‌ಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು.

ಮಾವ: ಆ ಕಾಲದ ಟಿವಿಯಲ್ಲೇ ಇಂಥ ಹೆಂಗಸಿನ ಪಾತ್ರನಾ?

ನಾನು: ಹೌದು ಮಾವ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಸ್ಟಾನ್‌ವಿಕ್ ತಾಯಿನ ಕಳಕೊಂಡ್ರು, ಅವರಿವರ ಮನೇಲಿ ಬೆಳೆದ್ರು. ಧಾರಾವಾಹಿಯಲ್ಲಿ ಆ ಮಗನಿಗೆ ಮನೇಲಿ ಜಾಗ ಕೊಡೋ ದೃಶ್ಯದಲ್ಲಿ ಆ ಮುಖ ನೋಡುವಾಗ ನನಗೆ ಅದೇ ನೆನಪಾಗುತ್ತೆ. 1990ರಲ್ಲಿ ತೀರಿಕೊಂಡ ಮೇಲೆ ಚಿತಾಭಸ್ಮವನ್ನ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಬಯಲಲ್ಲಿ ಚೆಲ್ಲಿದ್ರು. ಆಕೆ ಕುದುರೆ ಓಡಿಸಿ ಚಿತ್ರೀಕರಣ ಮಾಡಿದ್ದ ಜಾಗ.

ಮಾವ: ಸರಿ. 'ಚೆಲುವೆ' ತೆಗೆದು ಮತ್ತೆ ಹಾಕ್ತೀನಿ. ಜಾನ್ ವೇನ್ ವಿಷಯ ಮಾತ್ರ ಬಿಡಲ್ಲ, ಭಾನುವಾರ ಊಟಕ್ಕೆ ಬಾ.