ಅಪ್‌ಡೇಟ್: ಕಂಪ್ಯೂಟರ್ ಡೊಮೈನ್‌ಗೆ ಸೇರಿತು, ತೊಂದರೆ ಇದ್ದಿದ್ದು ಐಪಿವಿ6 ಕಡೆ

ಹೊಸ ವಿಂಡೋಸ್ 11 ಕಂಪ್ಯೂಟರನ್ನು ಆಫೀಸಿನ ಡೊಮೈನ್‌ಗೆ (ಎಲ್ಲ ಕಂಪ್ಯೂಟರ್, ಲಾಗಿನ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಜಾಲ) ಸೇರಿಸಲು ಹೋದರೆ 'ಡೊಮೈನ್ ಕಂಟ್ರೋಲರ್ ಸಂಪರ್ಕಕ್ಕೆ ಸಿಗುತ್ತಿಲ್ಲ' ಅಂತ ಎರರ್ ಬರುತ್ತಿದೆ, ಆದರೆ ಆ ಡೊಮೈನ್ ನಡೆಸುವ ಸರ್ವರ್‌ಗೆ (ಅದೇ ಡೊಮೈನ್ ಕಂಟ್ರೋಲರ್) ಪಿಂಗ್, ಅಂದರೆ ತಲುಪುತ್ತದಾ ಅಂತ ನೋಡುವ ಪರೀಕ್ಷೆ, ಚೆನ್ನಾಗೇ ಹೋಗುತ್ತಿದೆ ಎಂದು ಕೇಳಿದ್ದೆನಲ್ಲ, ಅದು ಸರಿಹೋಯಿತು.

ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ನೋಡಿ ಅಂತ ಎಲ್ಲರೂ ಹೇಳಿದ್ದಿರಿ. ಐಪಿವಿ4 (ಹಳೆಯ ಬಗೆಯ ಐಪಿ ವಿಳಾಸ) ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಆಗಿ ಡೊಮೈನ್ ಕಂಟ್ರೋಲರ್‌ನ ವಿಳಾಸವೇ ಇತ್ತು. ಎರಡನೆಯದಾಗಿ ಇದ್ದ 8.8.8.8 (ಗೂಗಲ್‌ನ ಡಿಎನ್‌ಎಸ್) ತೆಗೆದೆ. ಮೊದಲನೆಯದು ಕೈಕೊಟ್ಟರೆ ಇರಲಿ ಅಂತ ಸುಮ್ನೆ ಹಾಕುವ ಅಭ್ಯಾಸ ಜಾಸ್ತಿ. ಆದರೆ ಹೊರಗಿನ ಸರ್ವರ್‌ಗೆ ನಮ್ಮ ಒಳಗಿನ ಹೆಸರು ಗೊತ್ತೇ ಇರುವುದಿಲ್ಲ. ಅದು 'ಇಲ್ಲ' ಅಂದರೆ ವಿಂಡೋಸ್ ಅದನ್ನೇ ನಂಬುತ್ತದೆ, ಇನ್ನೊಂದನ್ನು ಕೇಳುವುದಿಲ್ಲ.

ಆದರೂ ಎರರ್ ಹೋಗಲಿಲ್ಲ. ಎನ್‌ಎಸ್‌ಲುಕಪ್‌ನಲ್ಲಿ (ಡಿಎನ್‌ಎಸ್ ಪರೀಕ್ಷಿಸುವ ಕಮಾಂಡ್) ಎಸ್‌ಆರ್‌ವಿ ರೆಕಾರ್ಡ್, ಅಂದರೆ ಡೊಮೈನ್ ಕಂಟ್ರೋಲರ್ ಎಲ್ಲಿದೆ ಅಂತ ಹೇಳುವ ದಾಖಲೆ, ಹುಡುಕಿದಾಗ ಮೇಲೆ ಕಂಡ, ಉತ್ತರ ಕೊಟ್ಟ ಡಿಎನ್‌ಎಸ್ ಸರ್ವರ್‌ನ ವಿಳಾಸ ಎಫ್‌ಇ80 ಎಂದು ಶುರುವಾಗುತ್ತಿತ್ತು. ಅದು ನಮ್ಮ ಜಾಲದೊಳಗಿನದ್ದೇ ವಿಳಾಸ, ನೋಡಿದರೆ ನಮ್ಮ ರೌಟರ್! ಅದು ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಮೂಲಕ ತನ್ನನ್ನೇ ಡಿಎನ್‌ಎಸ್ ಎಂದು ಎಲ್ಲರಿಗೂ ಸಾರುತ್ತಿತ್ತು. ವಿಂಡೋಸ್ ಮೊದಲು ಅದನ್ನೇ ಕೇಳುತ್ತಿತ್ತು. ಪಿಂಗ್ ಹೋಗುತ್ತಿದ್ದುದು ನಾನು ಐಪಿ ಹಾಕಿ ನೋಡುತ್ತಿದ್ದರಿಂದ, ಅಲ್ಲಿ ಡಿಎನ್‌ಎಸ್‌ಗೆ ಕೆಲಸವೇ ಇಲ್ಲ ಅಲ್ವಾ.

ರೌಟರ್‌ನಲ್ಲಿ ಆ ಡಿಎನ್‌ಎಸ್ ಸಾರುವುದನ್ನು ನಿಲ್ಲಿಸಿದೆ, ಕಂಪ್ಯೂಟರ್‌ನ ಡಿಎನ್‌ಎಸ್ ಕ್ಯಾಶ್ (ನೆನಪಿಟ್ಟುಕೊಂಡ ಹಳೆಯ ಉತ್ತರಗಳು) ಖಾಲಿ ಮಾಡಿದೆ, ಡೊಮೈನ್‌ನ ಪೂರ್ತಿ ಹೆಸರು ಕೊಟ್ಟೆ. ತಕ್ಷಣ ಪಾಸ್‌ವರ್ಡ್ ಕೇಳಿತು. ಐಪಿವಿ6 ಪೂರ್ತಿ ಆಫ್ ಮಾಡಿ ಎಂದೂ ಒಬ್ಬರು ಹೇಳಿದ್ದರು. ಮೈಕ್ರೋಸಾಫ್ಟ್ ಅದು ಬೇಡ ಅನ್ನುತ್ತದೆ, ಹಾಗಾಗಿ ಮುಟ್ಟಲಿಲ್ಲ.

ರೌಟರ್‌ನಲ್ಲಿರುವ ಡಿಎಚ್‌ಸಿಪಿಯನ್ನೂ (ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಸೇವೆ) ಸರ್ವರ್‌ಗೇ ಬದಲಾಯಿಸುವ ಯೋಚನೆ ಇದೆ. ನೋಡೋಣ.